ಸ್ಪೋರ್ಟ್ಸ್ ಕಾರುಗಳ ಟೈಮಿಂಗ್ ಬೆಲ್ಟ್: ಎಂಜಿನ್ನಿನ ತಾಳ, ಮಾಲೀಕರ ಲೆಕ್ಕ

2025ರ ಜುಲೈ ತಿಂಗಳಿನಲ್ಲಿ ಬೆಂಗಳೂರು ದಕ್ಷಿಣ ಪ್ರಾದೇಶಿಕ ಸಾರಿಗೆ ಕಚೇರಿಯ ಅಧಿಕಾರಿಗಳು, ಮಹಾರಾಷ್ಟ್ರದ ನೋಂದಣಿ ಸಂಖ್ಯೆಯೊಂದಿಗೆ ನಗರದಲ್ಲಿ ಸಂಚರಿಸುತ್ತಿದ್ದ ಫೆರಾರಿ ಎಸ್‌ಎಫ್90 ಸ್ಟ್ರಾಡಾಲೆ ಕಾರೊಂದರಿಂದ ಸುಮಾರು 1.4 ಕೋಟಿ ರೂಪಾಯಿ ತೆರಿಗೆ ವಸೂಲು ಮಾಡಿದರು. ಒಂದೇ ವಾಹನದಿಂದ ಇಷ್ಟು ದೊಡ್ಡ ಮೊತ್ತ ಸಂದಾಯವಾದುದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳಲ್ಲಿ ಇಂದು ಇಂತಹ ಕಾರುಗಳು ಅಪರೂಪದ ದೃಶ್ಯವಾಗಿ ಉಳಿದಿಲ್ಲ. ಭಾನುವಾರದ ಬೆಳಗಿನ ಜಾವ ನೈಸ್ ರಸ್ತೆಯ ಕಡೆಗೋ ಮೈಸೂರು ಹೆದ್ದಾರಿಯ ಕಡೆಗೋ ಹೊರಡುವ ಈ ವಾಹನಗಳಲ್ಲಿ ಹಲವು ಉದ್ಯಮಿಗಳ ಸ್ವಂತ ಹೆಸರಿನಲ್ಲಿ, ಕೆಲವು ಸಂಸ್ಥೆಗಳ ಹೆಸರಿನಲ್ಲಿ ನೋಂದಣಿಯಾಗಿರುತ್ತವೆ.

ತೆರಿಗೆ ಬಾಕಿ ಉಳಿದರೆ ಇಲಾಖೆ ನೋಟೀಸು ನೀಡುತ್ತದೆ. ವಿಮೆಯ ಅವಧಿ ಮುಗಿಯುವ ಮುನ್ನ ವಿಮಾ ಸಂಸ್ಥೆ ಸೂಚನೆ ಕಳುಹಿಸುತ್ತದೆ. ಆದರೆ ಎಂಜಿನ್ನಿನ ಮುಂಭಾಗದಲ್ಲಿ, ಮುಚ್ಚಳವೊಂದರ ಹಿಂದೆ ಕಾಣದಂತೆ ಕುಳಿತಿರುವ ಹಲ್ಲುಳ್ಳ ರಬ್ಬರ್ ಪಟ್ಟಿಯೊಂದರ ಅವಧಿ ಮುಗಿದಾಗ ನೋಟೀಸು ನೀಡುವವರು ಯಾರೂ ಇಲ್ಲ. ಆ ಪಟ್ಟಿಗೆ ಟೈಮಿಂಗ್ ಬೆಲ್ಟ್ ಎಂದು ಹೆಸರು. ಅದು ತುಂಡಾದರೆ ಎಂಜಿನ್ ಕೆಲವೇ ಕ್ಷಣಗಳಲ್ಲಿ ಹಾಳಾಗಬಹುದು. ಅದು ಮಾಡುವ ಕೆಲಸ, ಬದಲಿಸುವ ವಿಧಾನ, ಅದರ ವೆಚ್ಚವನ್ನು ಲೆಕ್ಕಪುಸ್ತಕ ಕಾಣುವ ಬಗೆ, ಇವುಗಳನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಎರಡು ಸುತ್ತಿಗೆ ಒಂದು ಸುತ್ತು

ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿನಲ್ಲಿ ನಾಲ್ಕು ಹೆಜ್ಜೆಗಳ ಕೆಲಸ ನಡೆಯುತ್ತದೆ: ಗಾಳಿ ಮತ್ತು ಇಂಧನವನ್ನು ಒಳಗೆಳೆದುಕೊಳ್ಳುವುದು, ಅದನ್ನು ಒತ್ತುವುದು, ಉರಿಸಿ ಶಕ್ತಿ ಪಡೆಯುವುದು, ಹೊಗೆಯನ್ನು ಹೊರಹಾಕುವುದು. ಈ ನಾಲ್ಕು ಹೆಜ್ಜೆಗಳು ಮುಗಿಯುವಷ್ಟರಲ್ಲಿ ಪಿಸ್ಟನ್ನುಗಳಿಗೆ ಜೋಡಿಸಿದ ಕ್ರ್ಯಾಂಕ್‌ಶಾಫ್ಟ್ ಎರಡು ಬಾರಿ ತಿರುಗಿರುತ್ತದೆ. ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ದಾರಿಗಳನ್ನು ತೆರೆದು ಮುಚ್ಚುವ ಕವಾಟಗಳು, ಅಂದರೆ ವಾಲ್ವುಗಳು, ಅದೇ ಅವಧಿಯಲ್ಲಿ ಒಂದೊಂದು ಬಾರಿ ಮಾತ್ರ ತೆರೆದುಕೊಳ್ಳಬೇಕು. ಅವುಗಳನ್ನು ಒತ್ತಿ ತೆರೆಯುವ ಉಬ್ಬುಗಳುಳ್ಳ ದಂಡವೇ ಕ್ಯಾಮ್‌ಶಾಫ್ಟ್. ಆದುದರಿಂದ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ಮಾತ್ರ ತಿರುಗಬೇಕು. ಈ ಅನುಪಾತದಲ್ಲಿ ಕೂದಲೆಳೆಯಷ್ಟೂ ಜಾರಿಕೆ ಇರಕೂಡದು. ಟೈಮಿಂಗ್ ಎಂಬ ಮಾತಿನ ಅರ್ಥ ಇಷ್ಟೇ.

ಸಾಮಾನ್ಯ ಕಾರಿಗೂ ಸ್ಪೋರ್ಟ್ಸ್ ಕಾರಿಗೂ ಇರುವ ವ್ಯತ್ಯಾಸ ವೇಗ ಮತ್ತು ಸಂಖ್ಯೆಯದು. 1999ರಲ್ಲಿ ಬಂದ ಫೆರಾರಿ 360 ಮೊಡೆನಾ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ 3,586 ಸಿ.ಸಿ. ಎಂಜಿನ್ನಿನಲ್ಲಿ 8 ಸಿಲಿಂಡರುಗಳು, 4 ಕ್ಯಾಮ್‌ಶಾಫ್ಟುಗಳು. ಸಿಲಿಂಡರಿಗೆ 5ರಂತೆ ಒಟ್ಟು 40 ಕವಾಟಗಳು. ಅದರ ಗರಿಷ್ಠ ಶಕ್ತಿ ದೊರೆಯುವುದು ಕ್ರ್ಯಾಂಕ್ ನಿಮಿಷಕ್ಕೆ 8,500 ಸುತ್ತು ತಿರುಗುವಾಗ. ಆಗ ಕ್ಯಾಮ್‌ಶಾಫ್ಟುಗಳು ನಿಮಿಷಕ್ಕೆ 4,250 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 70 ಸುತ್ತು ತಿರುಗುತ್ತವೆ. ಒಂದೇ ಸೆಕೆಂಡಿನಲ್ಲಿ 40 ಕವಾಟಗಳು ಒಟ್ಟಾಗಿ 2,800ಕ್ಕೂ ಹೆಚ್ಚು ಬಾರಿ ತೆರೆದು ಮುಚ್ಚುತ್ತವೆ. ಇಷ್ಟನ್ನೂ ಕ್ರ್ಯಾಂಕಿನ ತಾಳಕ್ಕೆ ಕಟ್ಟಿಹಾಕಿರುವುದು ಎರಡು ರಬ್ಬರ್ ಬೆಲ್ಟುಗಳು.

ಹೆಚ್ಚು ಶಕ್ತಿಗಾಗಿ ಕವಾಟಗಳು ಆಳವಾಗಿ ತೆರೆಯಬೇಕು, ಪಿಸ್ಟನ್ ಎತ್ತರಕ್ಕೆ ಏರಿ ಗಾಳಿಯನ್ನು ಬಿಗಿಯಾಗಿ ಒತ್ತಬೇಕು. ಇದರಿಂದಾಗಿ ತೆರೆದ ಕವಾಟ ಇಳಿದು ಬರುವ ಜಾಗ ಮತ್ತು ಪಿಸ್ಟನ್ ಏರಿ ಬರುವ ಜಾಗ ಒಂದೇ ಆಗುತ್ತದೆ. ಒಬ್ಬರು ಖಾಲಿ ಮಾಡಿದ ಮೇಲೆ ಇನ್ನೊಬ್ಬರು ಪ್ರವೇಶಿಸುವ ಬಾಡಿಗೆ ಮಳಿಗೆಯಂತೆ, ಇಬ್ಬರೂ ಬೇರೆ ಬೇರೆ ಸಮಯದಲ್ಲಿ ಅದನ್ನು ಬಳಸುವುದರಿಂದ ಘರ್ಷಣೆ ಇಲ್ಲ. ಬೆಲ್ಟು ತುಂಡಾದರೆ ಕ್ಯಾಮ್‌ಶಾಫ್ಟ್ ನಿಂತುಬಿಡುತ್ತದೆ. ಕೆಲವು ಕವಾಟಗಳು ತೆರೆದ ಸ್ಥಿತಿಯಲ್ಲಿಯೇ ಉಳಿಯುತ್ತವೆ. ಕ್ರ್ಯಾಂಕ್ ಮಾತ್ರ ತನ್ನ ಓಟದ ರಭಸದಲ್ಲಿ ಇನ್ನೂ ತಿರುಗುತ್ತಿರುತ್ತದೆ. ಪಿಸ್ಟನ್ ಬಂದು ಕವಾಟಕ್ಕೆ ಬಡಿಯುತ್ತದೆ, ಕವಾಟದ ಕಾಂಡ ಬಾಗುತ್ತದೆ. ಪೆಟ್ಟು ಬಲವಾಗಿದ್ದರೆ ಪಿಸ್ಟನ್ನಿನ ತಲೆ, ಕವಾಟದ ಆಸನ, ಕೊನೆಗೆ ಸಿಲಿಂಡರ್ ಹೆಡ್ ಕೂಡ ಕೆಡುತ್ತವೆ.

ಬೆಲ್ಟು ಪೂರ್ತಿ ತುಂಡಾಗಲೇಬೇಕೆಂದೂ ಇಲ್ಲ. ಕ್ಯಾಮಿನ ಚಕ್ರದಲ್ಲಿ 40 ಹಲ್ಲುಗಳಿವೆ ಎಂದುಕೊಂಡರೆ, ಬೆಲ್ಟು ಒಂದೇ ಒಂದು ಹಲ್ಲು ಜಾರಿದರೆ ಕ್ಯಾಮ್ 9 ಡಿಗ್ರಿ ಹಿಂದೆ ಬೀಳುತ್ತದೆ. ಕ್ರ್ಯಾಂಕಿನ ಲೆಕ್ಕದಲ್ಲಿ ಅದು 18 ಡಿಗ್ರಿ. ಅಷ್ಟಕ್ಕೇ ಎಂಜಿನ್ ಒರಟಾಗಿ ಓಡುತ್ತದೆ, ಶಕ್ತಿ ಕುಗ್ಗುತ್ತದೆ. ಇನ್ನೊಂದೆರಡು ಹಲ್ಲು ಜಾರಿದರೆ ಮೇಲೆ ಹೇಳಿದ ಘರ್ಷಣೆಯೇ ಆಗಬಹುದು.

ಹೊಲಿಗೆ ಯಂತ್ರದಿಂದ ಫೆರಾರಿಗೆ

ಹಲ್ಲುಳ್ಳ ಬೆಲ್ಟು ಮೊದಲು ಬಳಕೆಗೆ ಬಂದುದು 1940ರ ದಶಕದಲ್ಲಿ, ಅಮೆರಿಕದ ಹೊಲಿಗೆ ಯಂತ್ರಗಳಲ್ಲಿ. ಸೂಜಿ ಮತ್ತು ಬಾಬಿನ್ ಒಂದೇ ತಾಳದಲ್ಲಿ ಚಲಿಸಬೇಕೆಂಬುದು ಅದರ ಉದ್ದೇಶ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಸಂಸ್ಥೆ ತನ್ನ ಪುಟ್ಟ 1004 ಕಾರಿನಲ್ಲಿ ಕ್ಯಾಮ್‌ಶಾಫ್ಟನ್ನು ಇಂತಹ ಬೆಲ್ಟಿನಿಂದ ತಿರುಗಿಸಿತು. 1966ರಲ್ಲಿ ಇಟಲಿಯ ಫಿಯೆಟ್ ಸಂಸ್ಥೆ 124 ಸ್ಪೋರ್ಟ್ ಕಾರಿನ ಎರಡು ಕ್ಯಾಮ್‌ಗಳ ಎಂಜಿನ್ನಿಗೆ ಬೆಲ್ಟನ್ನು ಅಳವಡಿಸಿತು. ಅದರ ವಿನ್ಯಾಸಕಾರ ಔರೇಲಿಯೊ ಲಾಂಪ್ರೆಡಿ ಅದಕ್ಕೆ ಮೊದಲು ಫೆರಾರಿ ಸಂಸ್ಥೆಯಲ್ಲಿ 12 ಸಿಲಿಂಡರಿನ ಎಂಜಿನ್ನುಗಳನ್ನು ರೂಪಿಸಿದವರು ಎಂಬುದು ಗಮನಾರ್ಹ.

ಚೈನಿಗೆ ಹೋಲಿಸಿದರೆ ಬೆಲ್ಟು ಹಗುರ, ಅಗ್ಗ, ಸದ್ದಿಲ್ಲದ್ದು. ಅದಕ್ಕೆ ಎಣ್ಣೆಯೂ ಬೇಡ. 1969ರಲ್ಲಿ ಫಿಯೆಟ್ ಸಂಸ್ಥೆ ಫೆರಾರಿಯ ಅರ್ಧದಷ್ಟು ಪಾಲನ್ನು ಕೊಂಡುಕೊಂಡಿತು. 1973ರ 365 ಜಿಟಿ4 ಬಿಬಿ ಮತ್ತು ಡೀನೊ 308 ಜಿಟಿ4 ಕಾರುಗಳಿಂದ ಮೊದಲುಗೊಂಡು ಫೆರಾರಿಯ ರಸ್ತೆ ಕಾರುಗಳಲ್ಲಿ ಬೆಲ್ಟು ನೆಲೆಯೂರಿತು. 308, 328, ಟೆಸ್ಟಾರೋಸಾ, 348, ಎಫ್355, 360 ಮೊಡೆನಾ, 550 ಮತ್ತು 575 ಮಾರನೆಲ್ಲೊ, 612 ಸ್ಕಾಲಿಯೆಟ್ಟಿ ಕಾರುಗಳು ಈ ಪರಂಪರೆಗೆ ಸೇರಿದವು. 2002ರ ಎಂಜೊ ಮತ್ತು 2004ರ ಎಫ್430 ಕಾರುಗಳೊಂದಿಗೆ ಸಂಸ್ಥೆ ಚೈನಿಗೆ ಹೊರಳಿತು. ಜಯನಗರದ ಕಚೇರಿಯ ಸುದ್ದಿಯಲ್ಲಿದ್ದ ಎಸ್‌ಎಫ್90 ಕೂಡ ಚೈನಿನ ಕಾರೇ. ಪೋರ್ಶೆ 911 ಮತ್ತು ಲ್ಯಾಂಬೊರ್ಗಿನಿಯ 12 ಸಿಲಿಂಡರಿನ ಕಾರುಗಳು ಮೊದಲಿನಿಂದಲೂ ಚೈನನ್ನೇ ಬಳಸಿವೆ. ಆದರೆ ಪೋರ್ಶೆಯದೇ 928 ಮತ್ತು 944 ಮಾದರಿಗಳಲ್ಲಿ ಬೆಲ್ಟು ಇದೆ. ಹೆಸರು ಮತ್ತು ಬೆಲೆಯನ್ನು ನೋಡಿ ಊಹಿಸುವಂತಿಲ್ಲ, ಮಾದರಿ ಮತ್ತು ವರ್ಷವನ್ನು ನೋಡಿಯೇ ತಿಳಿಯಬೇಕು.

ಚೈನು ಎಂದಾಕ್ಷಣ ಅದು ಚಿರಾಯು ಎಂದು ಭಾವಿಸುವುದೂ ಸರಿಯಲ್ಲ. ಚೈನಿನ ಕೊಂಡಿಗಳು ಸವೆದು ಅದು ಉದ್ದವಾಗುತ್ತದೆ, ಅದನ್ನು ಬಿಗಿಹಿಡಿಯುವ ಟೆನ್ಷನರ್ ದುರ್ಬಲವಾಗುತ್ತದೆ. ಹಳೆಯ 911 ಕಾರುಗಳಲ್ಲಿ ಟೆನ್ಷನರ್ ಕೆಡುವುದು ಹೆಸರಾಂತ ಸಮಸ್ಯೆಯಾಗಿದ್ದು, 1984ರ ಕರೆರಾ ಮಾದರಿಯಿಂದ ಎಂಜಿನ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಟೆನ್ಷನರನ್ನು ಅಳವಡಿಸಲಾಯಿತು. ಆದರೆ ಚೈನು ಕೆಡುವ ಮುನ್ನ ಸಾಮಾನ್ಯವಾಗಿ ಸದ್ದು ಮಾಡುತ್ತದೆ. ಬೆಲ್ಟು ಬಹುತೇಕ ಮೌನವಾಗಿಯೇ ಹೋಗುತ್ತದೆ.

ಕಿಲೋಮೀಟರ್ ಹೇಳದ ಮಾತು

ಕಾರಿನ ಮಾಲೀಕರು ಸಾಮಾನ್ಯವಾಗಿ ನಂಬುವ ಅಳತೆ ಓಡೋಮೀಟರ್. ಸೇವಾ ಕೈಪಿಡಿಗಳು ಬೆಲ್ಟಿನ ವಿಷಯದಲ್ಲಿ ಎರಡು ಮಿತಿಗಳನ್ನು ಹೇಳುತ್ತವೆ: ಇಂತಿಷ್ಟು ಕಿಲೋಮೀಟರ್ ಅಥವಾ ಇಂತಿಷ್ಟು ವರ್ಷ, ಯಾವುದು ಮೊದಲೋ ಅದು. ಸ್ಪೋರ್ಟ್ಸ್ ಕಾರುಗಳಲ್ಲಿ ಮೊದಲು ಬರುವುದು ಬಹುಮಟ್ಟಿಗೆ ವರ್ಷದ ಮಿತಿಯೇ. ಈ ವರ್ಗದ ಬೆಲ್ಟುಗಳಿಗೆ ರೂಢಿಯಲ್ಲಿರುವ ಅವಧಿ 3ರಿಂದ 5 ವರ್ಷ. ಆಯಾ ಮಾದರಿಯ ಖಚಿತ ಅವಧಿಗೆ ಅದರ ಕೈಪಿಡಿಯೇ ಪ್ರಮಾಣ.

ಇದಕ್ಕೆ ಕಾರಣ ಬೆಲ್ಟಿನ ರಚನೆಯಲ್ಲಿದೆ. ಎಳೆತವನ್ನು ತಡೆಯಲು ಒಳಗೆ ಗಾಜಿನ ನೂಲಿನ ಹುರಿಗಳು, ಅವುಗಳ ಸುತ್ತ ಕೃತಕ ರಬ್ಬರ್, ಹಲ್ಲುಗಳ ಮೇಲೆ ಸವೆತ ತಡೆಯುವ ನೈಲಾನ್ ಬಟ್ಟೆ. ರಬ್ಬರ್ ಶಾಖದಿಂದ ಗಡುಸಾಗುತ್ತದೆ, ಕಾಲಕ್ರಮದಲ್ಲಿ ಬಿರಿಯುತ್ತದೆ, ಎಣ್ಣೆ ತಗುಲಿದರೆ ಮೆತ್ತಗಾಗಿ ಹಲ್ಲು ಕಳಚುತ್ತದೆ. ನಡುವೆ ಎಂಜಿನ್ ಇರುವ ಸ್ಪೋರ್ಟ್ಸ್ ಕಾರಿನಲ್ಲಿ ಗಾಳಿಯಾಡುವುದೂ ಕಡಿಮೆ, ಶಾಖವೂ ಹೆಚ್ಚು. ಬಹುಮಹಡಿ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಹೊದಿಕೆಯೊಳಗೆ ನಿಂತ ಕಾರಿನ ಬೆಲ್ಟು, ಚಿಕ್ಕ ಚಕ್ರಗಳ ಸುತ್ತ ಬಾಗಿದ ಭಂಗಿಯಲ್ಲಿಯೇ ಜಡ್ಡುಗಟ್ಟುತ್ತದೆ. ಓಡಿಸದೆ ಇಟ್ಟರೆ ಬಾಳಿಕೆ ಹೆಚ್ಚು ಎಂಬ ಭಾವನೆ ಈ ವಿಷಯದಲ್ಲಿ ತಲೆಕೆಳಗಾಗುತ್ತದೆ.

ನಮ್ಮ ದೇಶದಲ್ಲಿ ಹೆಚ್ಚು ಪ್ರಚಾರ ಪಡೆದ 360 ಮೊಡೆನಾ ಸಚಿನ್ ತೆಂಡೂಲ್ಕರ್ ಅವರದು. ಟೆಸ್ಟ್ ಶತಕಗಳಲ್ಲಿ ಬ್ರಾಡ್ಮನ್ ಅವರ 29ರ ಸಂಖ್ಯೆಯನ್ನು ಸರಿಗಟ್ಟಿದ್ದಕ್ಕಾಗಿ 2002ರಲ್ಲಿ ಫಿಯೆಟ್ ಸಂಸ್ಥೆ ಅದನ್ನು ಕೊಡುಗೆಯಾಗಿ ನೀಡಿತು. ಅದರ ಮೇಲಿನ ಸುಮಾರು 1.13 ಕೋಟಿ ರೂಪಾಯಿ ಆಮದು ಸುಂಕದ ವಿನಾಯಿತಿ 2003ರಲ್ಲಿ ವಿವಾದಕ್ಕೊಳಗಾಗಿ, ಕೊನೆಗೆ ಸುಂಕವನ್ನು ಸಂಸ್ಥೆಯೇ ಭರಿಸಿತು. 2011ರಲ್ಲಿ ಆ ಕಾರು ಬೇರೊಬ್ಬರಿಗೆ ಮಾರಾಟವಾಯಿತು. ಸುಂಕದ ಲೆಕ್ಕ ಇಡೀ ದೇಶಕ್ಕೆ ತಿಳಿಯಿತು. ಅದೇ ಮಾದರಿಯ ಯಾವುದೇ ಕಾರು 2002ರಲ್ಲಿ ರಸ್ತೆಗೆ ಬಂದು 2011ರಲ್ಲಿ ಕೈಬದಲಾದರೆ, ಮೂರು ವರ್ಷದ ಅವಧಿಯ ಪ್ರಕಾರ 2005, 2008 ಮತ್ತು 2011ರಲ್ಲಿ ಅದರ ಬೆಲ್ಟು ಬದಲಾಗಬೇಕು ಎಂಬ ಲೆಕ್ಕ ಮಾತ್ರ ಕೊಳ್ಳುವವರ ಗಮನಕ್ಕೂ ಬಾರದೆ ಹೋಗುವ ಸಾಧ್ಯತೆ ಇದೆ. ಕಾರು ಎಷ್ಟು ಓಡಿದೆ ಎಂಬುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ನಿತ್ಯ ಓಡುವ ಕಾರುಗಳಲ್ಲಿ ಕಿಲೋಮೀಟರ್ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ 2,400 ಸುತ್ತಿನಂತೆ ಓಡುವ ಎಂಜಿನ್ ಒಂದು ಕಿಲೋಮೀಟರಿಗೆ 1,800 ಸುತ್ತು ತಿರುಗುತ್ತದೆ. ಅದೇ ಕಾರು ಬಿ.ಟಿ.ಎಂ. ಬಡಾವಣೆಯಿಂದ ಸಿಲ್ಕ್ ಬೋರ್ಡ್ ವೃತ್ತದ ಕಡೆಗೆ ಸರಾಸರಿ ಗಂಟೆಗೆ 15 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ ಸರಾಸರಿ 1,200 ಸುತ್ತಿನಂತೆ ತೆವಳಿದರೆ ಒಂದು ಕಿಲೋಮೀಟರಿಗೆ 4,800 ಸುತ್ತು. ಬೆಲ್ಟಿನ ಮಟ್ಟಿಗೆ ನಗರದ ಒಂದು ಕಿಲೋಮೀಟರ್ ಹೆದ್ದಾರಿಯ ಎರಡೂವರೆ ಕಿಲೋಮೀಟರಿಗೂ ಹೆಚ್ಚು. ಮೇಲಾಗಿ ನಿಂತ ವಾಹನದ ಎಂಜಿನ್ ಕೋಣೆಯ ಬಿಸಿ ಬೇರೆ.

ಈ ಮಾತು ಶ್ರೀಮಂತರ ಕಾರುಗಳಿಗೆ ಮಾತ್ರ ಸೀಮಿತವಲ್ಲ. ಮಾರುತಿ 800, ಜೆನ್, ಮೊದಲ ಸ್ಯಾಂಟ್ರೊ, ಟಾಟಾ ಇಂಡಿಕಾ ಡೀಸೆಲ್, ರೆನೊ ಡಸ್ಟರ್‌ನ 1.5 ಲೀಟರ್ ಡೀಸೆಲ್, ಬಿಡದಿಯಲ್ಲಿ ತಯಾರಾದ ಟೊಯೊಟಾ ಇನ್ನೋವಾದ 2.5 ಲೀಟರ್ ಡೀಸೆಲ್, 2021ರಿಂದ ಬಂದಿರುವ ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್ ಇವೆಲ್ಲವೂ ಬೆಲ್ಟಿನ ಎಂಜಿನ್ನುಗಳೇ. 2013ರ ಫೋರ್ಡ್ ಇಕೋಸ್ಪೋರ್ಟ್‌ನ 1 ಲೀಟರ್ ಪೆಟ್ರೋಲ್ ಎಂಜಿನ್ನಿನಲ್ಲಿ ಬೆಲ್ಟು ಎಣ್ಣೆಯೊಳಗೇ ಓಡುವಂಥದ್ದು. ಅಲ್ಲಿ ತಪ್ಪು ದರ್ಜೆಯ ಎಣ್ಣೆ ಹಾಕಿದರೂ ಬೆಲ್ಟಿಗೆ ಹಾನಿ. ಸಾಮಾನ್ಯ ಕಾರಿನಲ್ಲಿ ಅವಧಿ ದೀರ್ಘ, ಖರ್ಚು ಕಡಿಮೆ, ತತ್ತ್ವ ಒಂದೇ.

ಬದಲಾವಣೆ ಎಂದರೆ ಏನು?

ಸ್ಪೋರ್ಟ್ಸ್ ಕಾರಿನ ಬೆಲ್ಟಿನ ಬೆಲೆ ಒಟ್ಟು ಬಿಲ್ಲಿನ ಸಣ್ಣ ಭಾಗ. ಉಳಿದುದು ಕೆಲಸದ ಕೂಲಿ ಮತ್ತು ಜೊತೆಗೆ ಬದಲಿಸುವ ಬಿಡಿಭಾಗಗಳದು. 308 ಮತ್ತು 328 ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕುಳಿತಿರುವುದರಿಂದ ಚಕ್ರದ ಕಮಾನಿನ ಕಡೆಯಿಂದ ಕೈಹಾಕಿ ಬೆಲ್ಟು ಬದಲಿಸಬಹುದು. ಟೆಸ್ಟಾರೋಸಾ, 348 ಮತ್ತು ಎಫ್355 ಕಾರುಗಳಲ್ಲಿ ಬೆಲ್ಟು ಇರುವ ಬದಿ ಪ್ರಯಾಣಿಕರ ಕೋಣೆಯ ಗೋಡೆಗೆ ಅಂಟಿದಂತಿರುವುದರಿಂದ ಇಡೀ ಎಂಜಿನ್ನನ್ನೇ ಹೊರತೆಗೆಯುವುದು ವಾಡಿಕೆ. 360 ಮೊಡೆನಾದಲ್ಲಿ ಆಸನಗಳ ಹಿಂದೆ ಒಂದು ಫಲಕವನ್ನು ಇಟ್ಟು, ಎಂಜಿನ್ ಕಳಚದೆ ಬೆಲ್ಟು ಬದಲಿಸುವ ವ್ಯವಸ್ಥೆ ಮಾಡಲಾಯಿತು. ಒಂದು ಫಲಕದ ವಿನ್ಯಾಸದಿಂದ ಮಾಲೀಕರ ಖರ್ಚು ಎಷ್ಟು ಇಳಿಯಬಹುದೆಂಬುದಕ್ಕೆ ಇದೊಂದು ನಿದರ್ಶನ.

ಕೆಲಸದ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲು ಒಂದನೆಯ ಸಿಲಿಂಡರಿನ ಪಿಸ್ಟನ್ ತನ್ನ ಅತ್ಯುನ್ನತ ಬಿಂದುವಿಗೆ ಬಂದಿದೆಯೇ ಎಂಬುದನ್ನು ಡಯಲ್ ಗೇಜಿನಿಂದ ಖಚಿತಪಡಿಸಿಕೊಳ್ಳಬೇಕು. ಕ್ಯಾಮ್‌ಶಾಫ್ಟುಗಳ ಮೇಲಿನ ಗುರುತುಗಳು ಹೊಂದಿಕೆಯಾಗಿವೆಯೇ ನೋಡಿ, ಅವು ಕದಲದಂತೆ ವಿಶೇಷ ಸಾಧನದಿಂದ ಬಂಧಿಸಬೇಕು. ಕವಾಟಗಳ ಸ್ಪ್ರಿಂಗುಗಳು ಕ್ಯಾಮನ್ನು ಸದಾ ತಳ್ಳುತ್ತಿರುವುದರಿಂದ ಬೆಲ್ಟು ತೆಗೆದ ಕೂಡಲೇ ಅದು ತಟ್ಟನೆ ಹೊರಳಬಹುದು. ಹಳೆಯ ಬೆಲ್ಟಿನೊಂದಿಗೆ ಟೆನ್ಷನರ್ ಬೇರಿಂಗುಗಳನ್ನೂ, ಸೋರುವ ಎಣ್ಣೆ ಸೀಲುಗಳನ್ನೂ ಬದಲಿಸಬೇಕು. ಕೆಲವು ಎಂಜಿನ್ನುಗಳಲ್ಲಿ ನೀರಿನ ಪಂಪು ಕೂಡ ಅದೇ ಜಾಗದಲ್ಲಿರುತ್ತದೆ. ಹೊಸ ಬೆಲ್ಟಿಗೆ ಹಳೆಯ ಬೇರಿಂಗ್ ಜೊತೆಯಾದರೆ, ಬೇರಿಂಗ್ ಹಿಡಿದುಕೊಂಡ ದಿನ ಹೊಸ ಬೆಲ್ಟೂ ಉಳಿಯುವುದಿಲ್ಲ.

ಮುಂದಿನದು ಬಿಗಿತ. ಸಡಿಲವಾದರೆ ಹಲ್ಲು ಜಾರುತ್ತದೆ, ಅತಿ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಬೆಲ್ಟನ್ನು ತಂಬೂರಿಯ ತಂತಿಯಂತೆ ಮೀಟಿ, ಅದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದನ್ನು ಮೀಟರಿನಿಂದ ಅಳೆದು ಬಿಗಿತ ನಿರ್ಧರಿಸುವ ಪದ್ಧತಿ ಇದೆ. ಕೊನೆಗೆ ಎಂಜಿನ್ನನ್ನು ಚಾಲೂ ಮಾಡುವ ಮುನ್ನ, ಕ್ರ್ಯಾಂಕನ್ನು ಅದು ಸಹಜವಾಗಿ ತಿರುಗುವ ದಿಕ್ಕಿನಲ್ಲಿಯೇ ಕೈಯಿಂದ ಕನಿಷ್ಠ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಹೊಂದಿಕೆಯಾಗುತ್ತವೆಯೇ ನೋಡಬೇಕು. ಕೈಯಿಂದ ತಿರುಗಿಸುವಾಗ ಎಲ್ಲಿಯಾದರೂ ತಡೆ ಎದುರಾದರೆ ಅಲ್ಲಿಯೇ ನಿಲ್ಲಬೇಕು. ಕವಾಟಕ್ಕೆ ಪಿಸ್ಟನ್ ತಾಗಿರುವ ಸಾಧ್ಯತೆ ಇರುತ್ತದೆ. ಈ ಹತ್ತು ನಿಮಿಷಗಳ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಚಾವಿ ತಿರುಗಿಸುವುದೇ ದುಬಾರಿ ತಪ್ಪಿಗೆ ದಾರಿ.

ಗುರುತಿಗೆ ಗುರುತು ಹೊಂದಿಸುವುದಕ್ಕೂ ನಿಜವಾದ ಕ್ಯಾಮ್ ಟೈಮಿಂಗ್‌ಗೂ ವ್ಯತ್ಯಾಸವಿದೆ ಎಂಬುದನ್ನೂ ತಿಳಿದಿರಬೇಕು. ನಿಖರ ಟೈಮಿಂಗ್‌ಗೆ ಕ್ರ್ಯಾಂಕಿನ ಮೇಲೆ 360 ಡಿಗ್ರಿಗಳ ಚಕ್ರವನ್ನು ಜೋಡಿಸಿ, ಕವಾಟ ಎಷ್ಟನೆಯ ಡಿಗ್ರಿಯಲ್ಲಿ ತೆರೆಯಲಾರಂಭಿಸುತ್ತದೆ ಎಂಬುದನ್ನು ಗೇಜಿನಿಂದ ಅಳೆಯುತ್ತಾರೆ. ವ್ಯತ್ಯಾಸ ಕಂಡುಬಂದರೆ ಕ್ಯಾಮ್‌ಶಾಫ್ಟ್ ಮತ್ತು ಅದರ ಚಕ್ರದ ನಡುವಿನ ಗೂಟವನ್ನು ಬೇರೆ ರಂಧ್ರಕ್ಕೆ ಬದಲಿಸುತ್ತಾರೆ. ಎರಡರಲ್ಲಿಯೂ ರಂಧ್ರಗಳ ಸಂಖ್ಯೆ ಬೇರೆ ಬೇರೆಯಾಗಿರುವುದರಿಂದ, ವರ್ನಿಯರ್ ಅಳತೆಪಟ್ಟಿಯ ತತ್ತ್ವದಂತೆ, ಒಂದು ಹಲ್ಲಿಗಿಂತ ಬಹಳ ಸೂಕ್ಷ್ಮವಾದ ಹೊಂದಾಣಿಕೆ ಸಾಧ್ಯ. ಸಿಲಿಂಡರ್ ಹೆಡ್ ಬಿಚ್ಚಿದ ಎಂಜಿನ್ನುಗಳಲ್ಲಿ ಈ ಅಳತೆ ಅಗತ್ಯ. ಗ್ಯಾರೇಜು ಇದಕ್ಕೆ ಪ್ರತ್ಯೇಕ ಕೂಲಿ ಕೇಳಿದರೆ ಅದು ಅನ್ಯಾಯವೆಂದು ತಿಳಿಯಬೇಕಾಗಿಲ್ಲ. ಅಳತೆಗಳ ವರದಿಯನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಇಂತಹ ನಿಖರತೆ ದಕ್ಷಿಣ ಬೆಂಗಳೂರಿಗೆ ಹೊಸದೇನೂ ಅಲ್ಲ. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ನೆಲೆನಿಂತ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಬಿ.ಟಿ.ಎಂ. ಭಾಗದ ಮೈಕೋ ಬಡಾವಣೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಆ ಕಾರ್ಖಾನೆಗೆ ಹೆಸರು ತಂದ ಡೀಸೆಲ್ ಇಂಧನ ಪಂಪು ಕೂಡ ಕ್ರ್ಯಾಂಕಿನ ತಾಳಕ್ಕೆ ಡಿಗ್ರಿ ಲೆಕ್ಕದಲ್ಲಿ ಹೊಂದಿಸಿ ಕೂರಿಸಬೇಕಾದ ಯಂತ್ರವೇ.

ಲೆಕ್ಕಪುಸ್ತಕದ ನೋಟ

ಕಾರು ಸಂಸ್ಥೆಯ ಹೆಸರಿನಲ್ಲಿದ್ದು ವ್ಯವಹಾರಕ್ಕೆ ಬಳಕೆಯಾಗುತ್ತಿದ್ದರೆ ಬೆಲ್ಟು ಬದಲಾವಣೆಯ ವೆಚ್ಚ ಚಾಲ್ತಿ ದುರಸ್ತಿಯ ಸ್ವರೂಪದ್ದು. ಅದು ಆಯಾ ವರ್ಷದ ರಾಜಸ್ವ ವೆಚ್ಚ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ, ಈಗಾಗಲೇ ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿ ಕಾಪಾಡುವುದಕ್ಕಾಗಿ ಮಾಡಿದ ಖರ್ಚು ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನು ತರುವ ಖರ್ಚು ಹಾಗಾಗದು. ಬೆಲ್ಟು ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ತೇರ್ಗಡೆಯಾಗುತ್ತದೆ. ಬೆಲ್ಟು ತುಂಡಾಗಿ ಇಡೀ ಎಂಜಿನ್ನನ್ನೇ ಬದಲಿಸಿದ ಬಿಲ್ಲಿನ ಬಗ್ಗೆ ಅಷ್ಟೇ ನಿಶ್ಚಿಂತೆಯಿಂದ ಇರಲಾಗದು. ಅಲ್ಲಿ ಪ್ರಶ್ನೆ ಏಳುವ ಅವಕಾಶವಿದೆ. ಸ್ವಂತ ಬಳಕೆಯ ಭಾಗಕ್ಕೆ ಕಡಿತ ಸಿಗದು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ, 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ದರ ಶೇ. 18ಕ್ಕೆ ಏಕರೂಪಗೊಂಡಿದೆ. ಆದರೆ ಚಾಲಕನೂ ಸೇರಿ 13 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರಯಾಣಿಕ ವಾಹನಗಳ ದುರಸ್ತಿ ಮತ್ತು ನಿರ್ವಹಣೆಯ ಮೇಲೆ ಕಟ್ಟಿದ ತೆರಿಗೆಗೆ, 2017ರ ಕೇಂದ್ರ ಕಾಯಿದೆಯ 17(5)ನೆಯ ಕಲಮಿನ ಪ್ರಕಾರ, ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದು. ವಾಹನಗಳನ್ನೇ ಮಾರುವ ವ್ಯಾಪಾರಿಗಳು, ಪ್ರಯಾಣಿಕರ ಸಾಗಣೆ ನಡೆಸುವವರು, ಚಾಲನಾ ತರಬೇತಿ ನೀಡುವವರು ಮುಂತಾದವರಿಗೆ ಮಾತ್ರ ವಿನಾಯಿತಿ. ಉಳಿದವರು ತೆರಿಗೆಯನ್ನೂ ಸೇರಿಸಿಯೇ ವೆಚ್ಚ ಲೆಕ್ಕ ಹಾಕಬೇಕು.

ವಿಮೆಯನ್ನು ನೆಚ್ಚಿಕೊಳ್ಳುವವರೂ ಇದ್ದಾರೆ. ನಮ್ಮಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಮೋಟಾರು ಪಾಲಿಸಿಯು ಸವೆತ, ಯಾಂತ್ರಿಕ ವೈಫಲ್ಯ ಮತ್ತು ಅವುಗಳಿಂದ ಉಂಟಾಗುವ ಪರಿಣಾಮಾತ್ಮಕ ನಷ್ಟವನ್ನು ಹೊರಗಿಡುತ್ತದೆ. ಹಳೆಯ ಬೆಲ್ಟು ತುಂಡಾಗಿ ಬಾಗಿದ ಕವಾಟಗಳು ಈ ಮೂರೂ ಮಾತುಗಳ ವ್ಯಾಪ್ತಿಗೆ ಬರುತ್ತವೆ.

ಹಾಗಾದರೆ ಮುಂದಿನ ಬೆಲ್ಟಿಗಾಗಿ ಈಗಲೇ ಅವಕಾಶ ನಿಧಿ ತೆಗೆದಿಡಬಹುದೇ? ಲೆಕ್ಕಪತ್ರ ಮಾನಕ 29ರ ಉತ್ತರ ಇಲ್ಲ ಎಂದು. ಐದು ವರ್ಷಕ್ಕೊಮ್ಮೆ ಒಳಪದರ ಬದಲಿಸಬೇಕಾದ ಕುಲುಮೆಯ ಉದಾಹರಣೆಯನ್ನು ಆ ಮಾನಕವೇ ಕೊಟ್ಟಿದೆ. ಮುಂದೆ ಮಾಡಬೇಕಾದ ದುರಸ್ತಿ ಇಂದಿನ ಬಾಧ್ಯತೆಯಲ್ಲ, ಕುಲುಮೆಯನ್ನು ನಿಲ್ಲಿಸುವ ಅಥವಾ ಮಾರುವ ಸ್ವಾತಂತ್ರ್ಯ ಮಾಲೀಕನಿಗಿದೆ, ಆದುದರಿಂದ ಅದಕ್ಕೆ ಅವಕಾಶ ಮಾಡುವಂತಿಲ್ಲ. ಸವಕಳಿಯೂ ಇಲ್ಲಿ ನೆರವಾಗದು. ಕಾರಿನ ಒಟ್ಟು ಮೌಲ್ಯದ ಮೇಲೆ ವರ್ಷವರ್ಷವೂ ಸವಕಳಿ ಕಳೆಯುತ್ತ ಹೋದರೂ, ಅದರೊಳಗಿನ ಒಂದು ಬೆಲ್ಟಿಗೆ ಎಷ್ಟು ವಯಸ್ಸಾಯಿತು ಎಂಬುದನ್ನು ಸ್ಥಿರಾಸ್ತಿ ವಹಿ ಹೇಳುವುದಿಲ್ಲ. ಅಂದರೆ ಸಕಲ ನಿಯಮಗಳನ್ನೂ ಪಾಲಿಸಿ ಬರೆದ ಲೆಕ್ಕಪುಸ್ತಕದಲ್ಲಿಯೂ ಈ ಹೊಣೆ ಎಲ್ಲಿಯೂ ಕಾಣಿಸದು. ಅದು ದಾಖಲಾಗಬೇಕಾದ ಜಾಗ ಕ್ಯಾಲೆಂಡರ್.

ಲೆಕ್ಕಪುಸ್ತಕಕ್ಕೆ ಆಗದ ಕೆಲಸವನ್ನು ಆಯವ್ಯಯ ಅಂದಾಜು ಮಾಡಬಲ್ಲದು. ಕೇವಲ ಉದಾಹರಣೆಗಾಗಿ, ಒಂದು ಕಾರಿನ ಬೆಲ್ಟು ಬದಲಾವಣೆಗೆ ಎಲ್ಲ ಸೇರಿ 3 ಲಕ್ಷ ರೂಪಾಯಿ, ಅವಧಿ 3 ವರ್ಷ, ಓಟ ವರ್ಷಕ್ಕೆ 1,500 ಕಿ.ಮೀ. ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1 ಲಕ್ಷ, ಕಿಲೋಮೀಟರಿಗೆ ಸುಮಾರು 67 ರೂಪಾಯಿ ಬೆಲ್ಟಿಗೇ ತಗುಲಿತು. ಕಡಿಮೆ ಓಡಿಸಿದಷ್ಟೂ ಈ ಅಂಕಿ ಏರುತ್ತದೆ. ಆದರೆ ಓಡಿಸಿದರೂ ಓಡಿಸದಿದ್ದರೂ ವರ್ಷದ 1 ಲಕ್ಷ ಬದಲಾಗದು. ಇದು ಬಳಕೆಯ ವೆಚ್ಚ ಎಂಬುದಕ್ಕಿಂತ ಮಾಲೀಕತ್ವದ ವೆಚ್ಚ. ಇದನ್ನು ಭರಿಸುವ ಸಿದ್ಧತೆ ಇಲ್ಲದೆ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡವರಿಗೆ ಆ ಅಗ್ಗ ಬೇಗನೆ ಕರಗುತ್ತದೆ.

ಕೊಳ್ಳುವವರು, ಮಾರುವವರು, ದುರಸ್ತಿ ಮಾಡುವವರು

ಹಳೆಯ ಕಾರು ಕೊಳ್ಳುವವರು ಕಡಿಮೆ ಓಡಿದೆ ಎಂಬ ಮಾತಿಗೆ ಬೆಲೆ ಕಟ್ಟುವ ಮುನ್ನ ಬೆಲ್ಟು ಬದಲಿಸಿದ ಬಿಲ್ಲನ್ನು ಕೇಳಬೇಕು. ಅದರಲ್ಲಿ ದಿನಾಂಕ, ಆ ದಿನದ ಓಡೋಮೀಟರ್ ಅಂಕಿ, ಬೆಲ್ಟಿನ ಬಿಡಿಭಾಗ ಸಂಖ್ಯೆ, ಬದಲಿಸಿದ ಬೇರಿಂಗುಗಳ ವಿವರ ಇರಬೇಕು. ಬಿಲ್ಲು ಇಲ್ಲದಿದ್ದರೆ ಬೆಲ್ಟು ಬದಲಾಗಿಲ್ಲ ಎಂದೇ ಎಣಿಸಿ, ಆ ವೆಚ್ಚವನ್ನು ಬೆಲೆಯಿಂದ ಕಳೆದು ಮಾತುಕತೆ ನಡೆಸುವುದು ವಿವೇಕ. ಬೆಲ್ಟು ಹೊರನೋಟಕ್ಕೆ ಚೆನ್ನಾಗಿಯೇ ಇದೆ ಎಂಬ ಭರವಸೆಗೆ ಅರ್ಥವಿಲ್ಲ. ಒಳಗಿನ ಹುರಿಗಳು ಕಣ್ಣಿಗೆ ಬೀಳುವಂಥವಲ್ಲ.

ಜೆ.ಸಿ. ರಸ್ತೆಯ ಬಿಡಿಭಾಗ ವ್ಯಾಪಾರಿಗಳಿಗೂ ಇಲ್ಲೊಂದು ಪಾಠವಿದೆ. ಕಪಾಟಿನಲ್ಲಿ ಕುಳಿತ ರಬ್ಬರಿಗೂ ವಯಸ್ಸಾಗುತ್ತದೆ. ಮೊದಲು ಬಂದದ್ದು ಮೊದಲು ಹೋಗಬೇಕು ಎಂಬುದು ದಾಸ್ತಾನು ಮೌಲ್ಯಮಾಪನದಲ್ಲಿ ಕೇವಲ ಲೆಕ್ಕದ ವಿಧಾನ. ಬೆಲ್ಟಿನ ವಿಷಯದಲ್ಲಿ ಅದು ಗೋದಾಮಿನಲ್ಲಿಯೂ ಅಕ್ಷರಶಃ ನಡೆಯಬೇಕು. ಬಿಸಿಲು, ಎಣ್ಣೆ ತಾಗದಂತೆ, ಮಡಿಚದೆ ಇಡಬೇಕು; ತಯಾರಿಕೆಯ ಸಂಕೇತವನ್ನು ಬಿಲ್ಲಿನಲ್ಲಿ ನಮೂದಿಸಬೇಕು. ತೀರ ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಮಾರುವುದಕ್ಕಿಂತ ವಜಾ ಮಾಡುವುದು ಮೇಲು.

ಗ್ಯಾರೇಜು ನಡೆಸುವವರು ಬದಲಾವಣೆಯ ದಿನಾಂಕ ಮತ್ತು ಮುಂದಿನ ಅವಧಿಯನ್ನು ಎಂಜಿನ್ ಕೋಣೆಯಲ್ಲಿ ಚೀಟಿಯೊಂದರ ಮೇಲೆ ಬರೆದು ಅಂಟಿಸುವ ಹಳೆಯ ಪದ್ಧತಿಯನ್ನು ಬಿಡಬಾರದು. ಕಳಚಿದ ಬೆಲ್ಟನ್ನು ಮಾಲೀಕರಿಗೆ ಒಪ್ಪಿಸುವುದು, ಟೈಮಿಂಗ್ ಅಳತೆಗಳನ್ನು ಕಾಗದದಲ್ಲಿ ಕೊಡುವುದು ನಂಬಿಕೆಯನ್ನು ಬೆಳೆಸುತ್ತವೆ. ಮುಂದೆ ವಿವಾದ ತಲೆದೋರಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವಾ ನ್ಯೂನತೆಯ ಆರೋಪ ಬಂದರೆ ಆ ಕಾಗದಗಳೇ ರಕ್ಷೆ.

ಸಂಸ್ಥೆಗಳ ಲೆಕ್ಕ ವಿಭಾಗದವರು ವಾಹನಗಳ ವಹಿಯಲ್ಲಿ ವಿಮೆ, ಹೊಗೆ ತಪಾಸಣೆ ಮತ್ತು ತೆರಿಗೆಯ ದಿನಾಂಕಗಳ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಸೇರಿಸಿಕೊಳ್ಳಬಹುದು: ಬೆಲ್ಟೋ ಚೈನೋ, ಬೆಲ್ಟಾದರೆ ಕೊನೆಯ ಬದಲಾವಣೆ ಎಂದು, ಮುಂದಿನದು ಎಂದು. ಕಾರು ಎರಡು ಆಸನದ ಇಟಲಿಯದಾಗಲಿ, ಸಿಬ್ಬಂದಿಯನ್ನು ಕರೆತರುವ ಇನ್ನೋವಾ ಆಗಲಿ, ಅಂಕಣ ಒಂದೇ. ಅದನ್ನು ತುಂಬಲು ತಗಲುವುದು ಒಂದು ಸಂಜೆಯ ಕೆಲಸ ಮತ್ತು ಹಳೆಯ ಬಿಲ್ಲುಗಳ ಒಂದು ಕಡತ.